ಕಣ್ಣಿಲ್ಲದ ಮಕ್ಕಳಿಗೆ ಪಾಠಶಾಲೆ ಕಟ್ಟಿದ ಪಂಚಾಕ್ಷರಿ ಗವಾಯಿಗಳು



ಶ್ರಾವಣ ಮಾಸದಲ್ಲಿ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಲ್ಲಿ ಸಂಜೆ ಹೊತ್ತು ನೀವು ಹಾದು ಹೋಗಿದ್ದರೆ ಮಠ, ಗುಡಿಗಳ ಮುಂದೆ ಪುರಾಣ ನಡೆಯುವುದನ್ನು ಕಂಡಿರುತ್ತೀರಿ. ಪುರಾಣ ಹೇಳುವವರ ಪಕ್ಕದಲ್ಲಿ ಒಬ್ಬರು ಹಾರ್ಮೋನಿಯಂ ನುಡಿಸುತ್ತ ಹಾಡುತ್ತಾರೆ, ಇನ್ನೊಬ್ಬರು ತಬಲಾ ನುಡಿಸುತ್ತಾರೆ. ಎಷ್ಟೋ ಕಡೆ ಆ ಹಾಡುವವರಿಗೆ ಕಣ್ಣು ಕಾಣುವುದಿಲ್ಲ. ಎಲ್ಲಿ ಕಲಿತಿರಿ ಎಂದು ಕೇಳಿದರೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಹೇಳುತ್ತಾರೆ. ಆ ಆಶ್ರಮವನ್ನು ಕಟ್ಟಿದವರು ಗಾನಯೋಗಿ ಪಂಚಾಕ್ಷರಿ ಗವಾಯಿಗಳು. ಅವರೂ ಕಣ್ಣಿಲ್ಲದವರೇ.

ನಮ್ಮ ಸಂಸ್ಥೆಯ ವಾರ್ಷಿಕ ಸಂಚಿಕೆಯಲ್ಲಿ ಈ ಸಂಗೀತಗಾರರ ಜೀವನ ಚರಿತ್ರೆ ಯಾಕೆ ಎಂದು ನೀವು ಕೇಳಬಹುದು. ಕಾರಣ ಹೇಳುತ್ತೇನೆ. ಕಳೆದ ವರ್ಷ ನಮ್ಮ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ನಿರೂಪಣೆ ನನ್ನದಾಗಿತ್ತು. ಎಸ್.ಎಸ್.ಎಲ್.ಸಿ.ಯಲ್ಲಿ ಒಳ್ಳೆಯ ಅಂಕ ಪಡೆದ ಒಬ್ಬ ಹುಡುಗನ ಹೆಸರು ಕರೆದೆ. ಅವನು ಎರಡೂ ಕಂಕುಳಲ್ಲಿ ಊರುಗೋಲು ಇಟ್ಟುಕೊಂಡು ನಡೆಯುವವನು. ವೇದಿಕೆಗೆ ಐದು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇರಲಿಲ್ಲ. ಅವನು ಕೆಳಗೇ ನಿಂತ. ಅತಿಥಿಗಳು ಮೇಲಿನಿಂದ ಬಗ್ಗಿ ಪ್ರಶಸ್ತಿ ಪತ್ರ ಕೊಟ್ಟರು. ಸಭೆಯವರು ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲ ಮಕ್ಕಳನ್ನೂ ವೇದಿಕೆಯ ಮೇಲೆ ನಿಲ್ಲಿಸಿ ಫೋಟೋ ತೆಗೆದರು. ಆ ಫೋಟೋದಲ್ಲಿ ಅವನಿಲ್ಲ. ಅವನನ್ನು ಮರೆತವರಲ್ಲಿ ಮೈಕ್ ಹಿಡಿದಿದ್ದ ನಾನೇ ಮೊದಲಿಗ. ಅಂದಿನಿಂದ ನನ್ನ ಮನಸ್ಸಿಗೆ ಗವಾಯಿಗಳ ಬದುಕು ಮತ್ತೆ ಮತ್ತೆ ಬರುತ್ತಿದೆ. ದಯವಿಟ್ಟು ಓದಿರಿ.

ಬಾಲ್ಯ

ಗವಾಯಿಗಳು ಹುಟ್ಟಿದ್ದು 1892ರ ಫೆಬ್ರುವರಿ 2ರಂದು, ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಆಗ ಅದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು, ಈಗ ಹಾವೇರಿ ಜಿಲ್ಲೆಯಲ್ಲಿದೆ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಮಗನಿಗೆ ಇಟ್ಟ ಹೆಸರು ಗದಿಗೆಯ್ಯ. ಅವನಿಗೂ, ಅವನ ಅಣ್ಣ ಗುರುಬಸಯ್ಯನಿಗೂ ಹುಟ್ಟಿನಿಂದಲೇ ದೃಷ್ಟಿ ಇರಲಿಲ್ಲ.

ಆ ಕಾಲವನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ನಮ್ಮ ದೇಶದಲ್ಲಿ ಅಂಧ ಮಕ್ಕಳ ಮೊದಲ ಶಾಲೆ ಅಮೃತಸರದಲ್ಲಿ ತೆರೆದದ್ದು 1887ರಲ್ಲಿ. ಮೈಸೂರಿನಲ್ಲಿ ಅಂಧರಿಗೂ ಕಿವುಡರಿಗೂ ಶಾಲೆ ಆರಂಭವಾದದ್ದು 1901ರಲ್ಲಿ. ಹಾನಗಲ್ ಸೀಮೆಯ ಒಂದು ಹಳ್ಳಿಯ ಬಡ ಮನೆಗೆ ಇವೆರಡೂ ದೂರದ ಮಾತು. ಬ್ರೈಲ್ ಲಿಪಿ ಫ್ರಾನ್ಸಿನಲ್ಲಿ ಹುಟ್ಟಿ ಅರವತ್ತು ವರ್ಷಗಳ ಮೇಲಾಗಿದ್ದರೂ ಹಳ್ಳಿಯ ಮಗುವಿನ ಬೆರಳಿಗೆ ಅದು ತಾಕಿರಲಿಲ್ಲ. ಕಣ್ಣಿಲ್ಲದ ಹುಡುಗನೆಂದರೆ ಮನೆಯವರು ಬದುಕಿರುವ ತನಕ ಮನೆಯ ಮೂಲೆ, ಅವರ ನಂತರ ಗುಡಿಯ ಅಥವಾ ದರ್ಗಾದ ಬಾಗಿಲು. ಊರಿನವರು ಕೆಟ್ಟವರಾಗಿದ್ದರೆಂದು ನಾನು ಹೇಳುತ್ತಿಲ್ಲ. ಅವರು ಕರುಣೆಯಿಂದ ರೊಟ್ಟಿ ಕೊಡುತ್ತಿದ್ದರು. ಆ ಹುಡುಗನಿಗೆ ಏನಾದರೂ ಕಲಿಸಬಹುದು ಎಂಬುದು ಮಾತ್ರ ಅವರಿಗೆ ಹೊಳೆಯುತ್ತಿರಲಿಲ್ಲ.

ಅದು ಹೊಳೆದದ್ದು ಹಾನಗಲ್ಲ ಕುಮಾರಸ್ವಾಮಿಗಳಿಗೆ. ಈ ಅಣ್ಣ-ತಮ್ಮಂದಿರು ಹಾಡುವುದನ್ನು ಅವರು ಗಮನಿಸಿದರು. ದನಿಯೂ ಚೆನ್ನಾಗಿತ್ತು, ಒಮ್ಮೆ ಕೇಳಿದ್ದು ನೆನಪಿನಲ್ಲಿ ಉಳಿಯುತ್ತಿತ್ತು. ಹೊಟ್ಟೆಗೆ ಹಾಕಿ ಸುಮ್ಮನಾಗುವ ಬದಲು ಅವರು ಇಬ್ಬರ ವಿದ್ಯಾಭ್ಯಾಸದ ಹೊಣೆಯನ್ನೇ ಹೊತ್ತರು. ಇದೇ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಹತ್ತಿರ ಶಿವಯೋಗ ಮಂದಿರವನ್ನು ಸ್ಥಾಪಿಸಿದವರು.

ವಿದ್ಯಾಭ್ಯಾಸ

ಗದಿಗೆಯ್ಯನನ್ನು ಕರ್ನಾಟಕ ಸಂಗೀತ ಕಲಿಯಲು ಮೈಸೂರಿಗೆ ಕಳಿಸಲಾಯಿತು. ಅದು ಮುಗಿದ ಮೇಲೆ ಹಿಂದೂಸ್ತಾನಿ ಸಂಗೀತದ ಅಭ್ಯಾಸ ನಡೆಯಿತು. ಮಿರಜದ ನೀಲಕಂಠ ಬುವಾ ಅವರು ಕಲಿಸಿದರು. ಉಸ್ತಾದ್ ಅಬ್ದುಲ್ ವಹೀದ್ ಖಾನ್ ಸಾಹೇಬರೂ ಕಲಿಸಿದರು. ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ನಿಲ್ಲಿರಿ. ಒಬ್ಬ ವೀರಶೈವ ಸ್ವಾಮಿಗಳು ತಮ್ಮ ಆಶ್ರಯದ ಹುಡುಗನಿಗೆ ಒಬ್ಬ ಮುಸ್ಲಿಂ ಉಸ್ತಾದರಿಂದ ತಾಲೀಮು ಕೊಡಿಸಿದರು. ಆ ಉಸ್ತಾದರು ಕಣ್ಣಿಲ್ಲದ ಶಾಗಿರ್ದನಿಗೆ ತಮ್ಮ ವಿದ್ಯೆಯನ್ನು ಕೊಟ್ಟರು. ಸಂಗೀತದ ವಿಷಯದಲ್ಲಿ ನಮ್ಮ ಉಲಮಾಗಳಲ್ಲಿ ಭಿನ್ನಾಭಿಪ್ರಾಯ ಇರುವುದು ನನಗೆ ಗೊತ್ತು, ಆ ಚರ್ಚೆ ಈ ಲೇಖನದ್ದಲ್ಲ. ಕಲಿಯುವವನ ಜಾತಿ, ಕಣ್ಣು ಯಾವುದನ್ನೂ ನೋಡದೆ ಕಲಿಸಿದವರ ದೊಡ್ಡ ಗುಣವನ್ನಷ್ಟೇ ನಿಮ್ಮ ಗಮನಕ್ಕೆ ತರುತ್ತಿದ್ದೇನೆ.

ಕಣ್ಣಿಲ್ಲದವನು ಇಷ್ಟನ್ನು ಹೇಗೆ ಕಲಿತ ಎಂಬ ಪ್ರಶ್ನೆ ನಿಮಗೆ ಬರಬಹುದು. ನಮ್ಮ ಮದರಸಾಗಳಲ್ಲಿ ಹಿಫ್ಝ್ ಮಾಡುವ ಮಕ್ಕಳನ್ನು ನೋಡಿದವರಿಗೆ ಇದು ಆಶ್ಚರ್ಯವಲ್ಲ. ಉಸ್ತಾದರು ಒಂದು ಸಾಲು ಓದುತ್ತಾರೆ, ಮಗು ತಿರುಗಿ ಓದುತ್ತದೆ. ತಪ್ಪಿದರೆ ಮತ್ತೆ ಓದಿಸುತ್ತಾರೆ. ನಿನ್ನೆಯ ಪಾಠ ಒಪ್ಪಿಸಿದ ಮೇಲೆ ಇಂದಿನ ಪಾಠ. ಸಂಗೀತದಲ್ಲೂ ಗುರು ಹಾಡಿದ್ದನ್ನು ಶಿಷ್ಯ ಕೇಳಿ ತಿರುಗಿ ಹಾಡಬೇಕು. ಇಲ್ಲಿ ಕಿವಿ ಮತ್ತು ನೆನಪಿನ ಕೆಲಸವೇ ಹೆಚ್ಚು. ಕಣ್ಣಿಲ್ಲದ ಶಿಷ್ಯನಿಗೆ ಬೇಕಾದದ್ದು ಕಲಿಸುವವರ ತಾಳ್ಮೆ ಮತ್ತು ಇನ್ನಷ್ಟು ಸಮಯ. ಅಂದರೆ ಅಡ್ಡಿ ಇದ್ದದ್ದು ಹುಡುಗನಲ್ಲಿ ಅಲ್ಲ, ಕಲಿಸುವ ದಾರಿಯಲ್ಲಿ. ದಾರಿ ಬದಲಾದ ಕೂಡಲೇ ಅವನು ಎಲ್ಲರಿಗಿಂತ ಮುಂದೆ ಹೋದ. ಕರ್ನಾಟಕ ಮತ್ತು ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾಂಡಿತ್ಯ ಪಡೆದವರು ಕಣ್ಣಿದ್ದವರಲ್ಲೂ ವಿರಳ. ಗದಿಗೆಯ್ಯ ಈಗ ಪಂಚಾಕ್ಷರಿ ಗವಾಯಿ ಎನಿಸಿದರು.

ನಡೆದಾಡುವ ಪಾಠಶಾಲೆ

ಇಷ್ಟು ವಿದ್ಯೆ ಪಡೆದವರು ಯಾವುದಾದರೂ ಸಂಸ್ಥಾನದ ದರಬಾರಿನಲ್ಲಿ ಹಾಡಿಕೊಂಡು ಸುಖವಾಗಿ ಇರಬಹುದಿತ್ತು. ಗವಾಯಿಗಳು ಹಾಗೆ ಮಾಡಲಿಲ್ಲ. ಮದುವೆಯಾಗದೆ ಉಳಿದು, ತಮ್ಮಂತಹ ಅಂಧ ಮತ್ತು ಅನಾಥ ಮಕ್ಕಳಿಗೆ ಕಲಿಸುವುದಕ್ಕೇ ಜೀವನವನ್ನು ಮೀಸಲಿಟ್ಟರು. ಮೊದಲು ಕಟ್ಟಡ ಇರಲಿಲ್ಲ. ಅವರ ಪಾಠಶಾಲೆ ಊರಿಂದ ಊರಿಗೆ ನಡೆಯುತ್ತಿತ್ತು. ಗುರುಗಳು ಮತ್ತು ಶಿಷ್ಯರ ಗುಂಪು ಒಂದು ಊರಿಗೆ ಹೋಗಿ, ಮಠದಲ್ಲೋ ಭಕ್ತರ ಮನೆಯಲ್ಲೋ ತಂಗಿ, ಅಲ್ಲಿ ಸಿಕ್ಕ ಭಿಕ್ಷೆಯಲ್ಲಿ ಊಟ ಮಾಡಿ, ಪಾಠ ನಡೆಸಿ ಮುಂದಿನ ಊರಿಗೆ ಹೋಗುತ್ತಿತ್ತು.

ಈ ಪಾಠಶಾಲೆಯ ಮೂರು ವಿಷಯಗಳನ್ನು ನಾವು ಶಿಕ್ಷಕರು ಗಮನಿಸಬೇಕು. ಮೊದಲನೆಯದು, ಅಲ್ಲಿ ಜಾತಿಯ ತಡೆ ಇರಲಿಲ್ಲ. ಮಠದ ಪರಂಪರೆಯಲ್ಲಿ ಬೆಳೆದವರು, ಎಲ್ಲ ಜಾತಿ ಮತಗಳ ಮಕ್ಕಳನ್ನು ಸೇರಿಸಿಕೊಂಡರು. ಎರಡನೆಯದು, ಕಣ್ಣಿಲ್ಲದವರೂ ಕಣ್ಣಿದ್ದವರೂ ಒಂದೇ ಕಡೆ ಕುಳಿತು ಕಲಿತರು. ಮುಂದೆ ದೇಶದಲ್ಲೆಲ್ಲ ಹೆಸರಾದ ಪಂಡಿತ ಬಸವರಾಜ ರಾಜಗುರು ಅವರಿಗೆ ದೃಷ್ಟಿ ಇತ್ತು. ಅವರು ಸುಮಾರು 12 ವರ್ಷ ಗವಾಯಿಗಳ ಬಳಿ ಕಲಿತರು. ನಮ್ಮ ನೆರೆಯ ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿ ಅವರೂ ಗವಾಯಿಗಳ ಶಿಷ್ಯರೇ. ಇಂದು ಬಿ.ಎಡ್. ತರಗತಿಗಳಲ್ಲಿ ನಮಗೆ ಸಮನ್ವಯ ಶಿಕ್ಷಣ ಎಂದು ಪಾಠ ಮಾಡುತ್ತಾರಲ್ಲ, ಗವಾಯಿಗಳು ಆ ಹೆಸರಿಲ್ಲದೆಯೇ ಅದನ್ನು ನಡೆಸಿದರು. ಅದರಲ್ಲೂ ಕಣ್ಣಿದ್ದ ಹುಡುಗ ಕಣ್ಣಿಲ್ಲದ ಗುರುವಿನ ಮುಂದೆ ಕುಳಿತು ಕಲಿತ. ಮೂರನೆಯದು, ಕಲಿತವನು ದುಡಿಯುವಂತೆ ಆಗಬೇಕು ಎಂಬುದು. ಹಾಡುಗಾರಿಕೆ, ಹಾರ್ಮೋನಿಯಂ, ತಬಲಾ, ಪಿಟೀಲು ಕಲಿತವನು ಪುರಾಣ, ಕೀರ್ತನೆ, ನಾಟಕಗಳಲ್ಲಿ ಅಥವಾ ಸಂಗೀತ ಶಿಕ್ಷಕನಾಗಿ ತನ್ನ ಅನ್ನ ತಾನು ಗಳಿಸಬಲ್ಲ. ಜೋಳಿಗೆ ಹಿಡಿದು ಗುರುಗಳು ನಡೆದದ್ದು ಶಿಷ್ಯರು ಮುಂದೆ ಭಿಕ್ಷಾಪಾತ್ರೆ ಹಿಡಿಯಬಾರದೆಂದು.

ಪಾಠಶಾಲೆಯ ಖರ್ಚಿಗಾಗಿ ಗವಾಯಿಗಳು ನಾಟಕ ಸಂಘವನ್ನೂ ಕಟ್ಟಿದರು. ಕೊನೆಗೆ ಗದಗಿನ ಬಸರಿಗಿಡದ ವೀರಪ್ಪನವರ ನೆರವಿನಿಂದ ಗದಗಿನಲ್ಲಿ ನೆಲೆ ಸಿಕ್ಕಿತು. ಅದೇ ವೀರೇಶ್ವರ ಪುಣ್ಯಾಶ್ರಮ. ನಡೆದಾಡುತ್ತಿದ್ದ ಶಾಲೆಗೆ ಗೋಡೆ, ಸೂರು ಬಂದವು. ಗುರುತಿಲ್ಲದ ಊರುಗಳಲ್ಲಿ ತಡವರಿಸುತ್ತಿದ್ದ ಮಕ್ಕಳಿಗೆ ಕೈಗೂ ಕಾಲಿಗೂ ಗೊತ್ತಿರುವ ಒಂದು ಮನೆ ಆಯಿತು. ಕಣ್ಣಿಲ್ಲದ ಮಗುವಿಗೆ ಬಾವಿ ಎಲ್ಲಿ, ಬಾಗಿಲು ಎಲ್ಲಿ, ಎಷ್ಟು ಹೆಜ್ಜೆಗೆ ಮೆಟ್ಟಿಲು ಎಂದು ತಿಳಿದಿರುವುದು ಎಷ್ಟು ದೊಡ್ಡ ಸ್ವಾತಂತ್ರ್ಯ ಎಂಬುದನ್ನು ನಾವು ಕಣ್ಣಿದ್ದವರು ಯೋಚಿಸುವುದೇ ಇಲ್ಲ.

1944ರ ಜೂನ್ 11ರಂದು ಗವಾಯಿಗಳು ತೀರಿಕೊಂಡರು. ವಯಸ್ಸು 52. ದೇಶಕ್ಕೆ ಸ್ವಾತಂತ್ರ್ಯ ಬಂದಿರಲಿಲ್ಲ, ಅಂಗವಿಕಲರ ಹಕ್ಕು ಎಂಬ ಮಾತು ಯಾವ ಕಾನೂನಿನಲ್ಲೂ ಇರಲಿಲ್ಲ.

ಗುರುವಿನ ನಂತರ

ಅವರ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಶಿಷ್ಯ ಪುಟ್ಟರಾಜ ಗವಾಯಿಗಳು ಆಶ್ರಮದ ಹೊಣೆ ಹೊತ್ತರು. 1914ರ ಮಾರ್ಚ್ 3ರಂದು ಹಾವೇರಿಯ ಹತ್ತಿರದ ದೇವಗಿರಿಯಲ್ಲಿ ಹುಟ್ಟಿದ ಇವರು ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು. ಗುರುವಿನ ಕೈಯಲ್ಲಿ ಬೆಳೆದು ಹಲವು ವಾದ್ಯಗಳಲ್ಲಿ ನಿಪುಣರಾದರು, ಕನ್ನಡ, ಹಿಂದಿ, ಸಂಸ್ಕೃತ ಮೂರೂ ಭಾಷೆಗಳಲ್ಲಿ ಗ್ರಂಥಗಳನ್ನು ಬರೆದರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ನಿಧನರಾದಾಗ ಗದಗಿಗೆ ಜನಸಾಗರವೇ ಹರಿದು ಬಂದಿತ್ತು. 66 ವರ್ಷ ಅವರು ಗುರುವಿನ ಶಾಲೆಯನ್ನು ನಡೆಸಿದರು. ಕಣ್ಣಿಲ್ಲದವರು ಕಟ್ಟಿದ ಸಂಸ್ಥೆಯನ್ನು ಕಣ್ಣಿಲ್ಲದವರೇ ಇಷ್ಟು ಕಾಲ ನಡೆಸಿದ್ದು ನಮ್ಮಂತಹ ಸಂಘ ಸಂಸ್ಥೆಗಳಿಗೆ ಪಾಠವಲ್ಲವೇ? ಹಿರಿಯ ಗವಾಯಿಗಳ ಜೀವನವನ್ನು ಕುರಿತು 1995ರಲ್ಲಿ ಚಲನಚಿತ್ರವೂ ಬಂತು. ಅದರ ಸಂಗೀತಕ್ಕೆ ಹಂಸಲೇಖ ಅವರಿಗೆ, ಹಾಡಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ರಾಷ್ಟ್ರಪ್ರಶಸ್ತಿ ಲಭಿಸಿತು.

ನಮ್ಮ ದೀನಿನ ಮಾದರಿ

ಇದನ್ನು ಓದುವಾಗ ನಮಗೆ ಹಝ್ರತ್ ಅಬ್ದುಲ್ಲಾ ಇಬ್ನ್ ಉಮ್ಮಿ ಮಕ್ತೂಮ್(ರ) ಅವರ ನೆನಪು ಬರಬೇಕು. ಅವರು ಅಂಧ ಸಹಾಬಿ. ಪ್ರವಾದಿ ಮುಹಮ್ಮದ್(ಸ) ಅವರು ಮಕ್ಕಾದ ಮುಖಂಡರ ಜೊತೆ ಮಾತನಾಡುತ್ತಿದ್ದಾಗ ಇವರು ಕಲಿಯಬೇಕೆಂಬ ಹಂಬಲದಿಂದ ಬಂದರು. ಆ ಸಂದರ್ಭದಲ್ಲಿ ಸೂರಃ ಅಬಸ ಅವತೀರ್ಣವಾಯಿತು. ದೊಡ್ಡ ಮನುಷ್ಯರ ಗಮನಕ್ಕಿಂತ ಕಲಿಯಲು ಬಂದ ಒಬ್ಬ ಅಂಧನ ಹಂಬಲ ಅಲ್ಲಾಹನ ಬಳಿ ಎಷ್ಟು ತೂಕದ್ದು ಎಂಬುದನ್ನು ಕಿಯಾಮತ್‌ವರೆಗೆ ಓದಲಾಗುವ ಗ್ರಂಥದಲ್ಲಿ ಇಡಲಾಯಿತು. ಆಮೇಲೆ ಅವರಿಗೆ ಸಿಕ್ಕಿದ್ದು ಬರೀ ಕರುಣೆ ಅಲ್ಲ, ಜವಾಬ್ದಾರಿ. ಹಿಜ್ರತ್‌ಗೆ ಮುಂಚೆಯೇ ಮದೀನಾಕ್ಕೆ ಹೋಗಿ ಕುರ್‌ಆನ್ ಕಲಿಸಿದವರಲ್ಲಿ ಅವರೊಬ್ಬರು. ಹಝ್ರತ್ ಬಿಲಾಲ್(ರ) ಅವರ ಜೊತೆ ಮಸ್ಜಿದುನ್ನಬವಿಯ ಮುಅಝ್ಝಿನ್ ಆದರು. ಪ್ರವಾದಿವರ್ಯರು(ಸ) ಊರಿನಿಂದ ಹೊರಗೆ ಹೋದಾಗ ಹಲವು ಸಲ ಮದೀನಾದ ಹೊಣೆಯನ್ನು ಅವರಿಗೇ ವಹಿಸಿದರು.

ಇನ್ನು ಗವಾಯಿಗಳ ಸಮಕಾಲೀನರಾದ ಈಜಿಪ್ಟಿನ ತಾಹಾ ಹುಸೇನ್ ಅವರನ್ನು ನೋಡಿ. 1889ರಲ್ಲಿ ಹಳ್ಳಿಯೊಂದರಲ್ಲಿ ಹುಟ್ಟಿ, ಎಳೆ ವಯಸ್ಸಿನಲ್ಲೇ ಕಣ್ಣಿನ ಬೇನೆಗೆ ಸರಿಯಾದ ಚಿಕಿತ್ಸೆ ಸಿಗದೆ ದೃಷ್ಟಿ ಕಳೆದುಕೊಂಡರು. ಮಕ್ತಬ್‌ನಲ್ಲಿ ಕುರ್‌ಆನ್ ಕಂಠಪಾಠ ಮಾಡಿ, ಅಲ್ ಅಝ್‌ಹರ್‌ನಲ್ಲಿ ಓದಿ, ಪ್ಯಾರಿಸ್ಸಿನಲ್ಲಿ ಡಾಕ್ಟರೇಟ್ ಪಡೆದರು. 1950ರಲ್ಲಿ ತಮ್ಮ ದೇಶದ ಶಿಕ್ಷಣ ಮಂತ್ರಿಯಾಗಿ ಪ್ರೌಢ ಶಿಕ್ಷಣವನ್ನು ಉಚಿತ ಮಾಡಿದರು. ಒಬ್ಬ ಅಂಧ ಹುಡುಗನಿಗೆ ಮಕ್ತಬ್‌ನ ಬಾಗಿಲು ತೆರೆದಿದ್ದರ ಫಲ ಒಂದು ದೇಶದ ಮಕ್ಕಳಿಗೆಲ್ಲ ಸಿಕ್ಕಿತು.

ಭಿಕ್ಷೆಯಿಂದ ಹಕ್ಕಿಗೆ

ಆದರೆ ಓದುಗರೇ, ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಗವಾಯಿಗಳ ಕಾಲದಲ್ಲಿ ಗದಿಗೆಯ್ಯನ ಭಾಗ್ಯ ಕುಮಾರಸ್ವಾಮಿಗಳ ಕಿವಿಗೆ ಅವನ ಹಾಡು ಬಿದ್ದದ್ದರಲ್ಲಿತ್ತು. ಅವರು ಕೇಳದಿದ್ದರೆ? ಅಥವಾ ಹುಡುಗನಿಗೆ ಒಳ್ಳೆಯ ದನಿ ಇಲ್ಲದಿದ್ದರೆ? ಹಾಡಲು ಬಾರದ ಅಂಧ ಮಕ್ಕಳು ಆಗಲೂ ಇದ್ದರು, ಅವರ ಹೆಸರು ನಮಗೆ ಗೊತ್ತಿಲ್ಲ. ಮಗುವಿನ ಕಲಿಕೆ ಒಬ್ಬ ಪುಣ್ಯಾತ್ಮರು ಎದುರಾಗುವುದರ ಮೇಲೆ ನಿಲ್ಲಬಾರದು. ಅದಕ್ಕಾಗಿಯೇ ಕಾನೂನು ಬೇಕಾಯಿತು.

1995ರಲ್ಲಿ ನಮ್ಮ ದೇಶದಲ್ಲಿ ಅಂಗವಿಕಲರ ಸಮಾನ ಅವಕಾಶದ ಕಾಯ್ದೆ ಬಂತು. ಅದರ ಜಾಗದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಇದು 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಶೇ. 40 ಅಥವಾ ಹೆಚ್ಚಿನ ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲಿ ಅಥವಾ ತನಗೆ ಬೇಕಾದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಅಂಥವರಿಗೆ ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5, ಸರಕಾರಿ ನೌಕರಿಯಲ್ಲಿ ಕನಿಷ್ಠ ಶೇ. 4 ಮೀಸಲಾತಿ ಇದೆ. ಸಾರ್ವಜನಿಕ ಕಟ್ಟಡಗಳು ಎಲ್ಲರೂ ಪ್ರವೇಶಿಸುವಂತೆ ಇರಬೇಕು. 2025ರ ಮಾರ್ಚ್ 3ರಂದು ಸುಪ್ರೀಂ ಕೋರ್ಟ್, ದೃಷ್ಟಿ ಇಲ್ಲ ಎಂಬ ಕಾರಣಕ್ಕೆ ಯಾರಿಗೂ ನ್ಯಾಯಾಧೀಶರ ಹುದ್ದೆಯ ಆಯ್ಕೆಯಿಂದ ಹೊರಗಿಡುವಂತಿಲ್ಲ ಎಂದು ತೀರ್ಪು ನೀಡಿತು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 13,24,205 ಮಂದಿ ವಿಕಲಚೇತನರಿದ್ದರು. ಅವರಲ್ಲಿ ನಮ್ಮ ಓಣಿಯ, ನಮ್ಮ ಜಮಾಅತ್‌ನ ಮಕ್ಕಳೂ ಇದ್ದಾರೆ.

ನಾವು ಮಾಡಬೇಕಾದದ್ದು

ತಂದೆ ತಾಯಂದಿರಲ್ಲಿ ವಿನಂತಿ. ಮಗುವಿಗೆ ವೈಕಲ್ಯವಿದ್ದರೆ ಮರೆಮಾಚಬೇಡಿ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಅಥವಾ ತಾಲೂಕು ಕೇಂದ್ರದಲ್ಲಿರುವ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ. ವೈಕಲ್ಯದ ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಕಾರ್ಡು ಮಾಡಿಸಿರಿ. ಶಾಲೆಗೆ ಸೇರಿಸಿರಿ, ಅದರಲ್ಲೂ ಹೆಣ್ಣು ಮಗುವಾದರೆ ತಪ್ಪದೆ ಸೇರಿಸಿರಿ.

ಶಿಕ್ಷಕ ಬಂಧುಗಳೇ, ಬರೆಯಲಾಗದ ಮಗುವಿಗೆ ಪರೀಕ್ಷೆಯಲ್ಲಿ ಬರಹಗಾರರ ಸಹಾಯ ಮತ್ತು ಹೆಚ್ಚಿನ ಸಮಯ ಪಡೆಯಲು ಅವಕಾಶವಿದೆ. ಅರ್ಜಿಯನ್ನು ಪರೀಕ್ಷೆಗೆ ಬಹಳ ಮುಂಚೆಯೇ ಕಳಿಸಬೇಕು. ಕಪ್ಪು ಹಲಗೆಯ ಮೇಲೆ ಬರೆದದ್ದನ್ನು ಬಾಯಿಬಿಟ್ಟು ಓದುವುದಕ್ಕೆ ನಮಗೆ ಯಾವ ಖರ್ಚೂ ಇಲ್ಲ. ನಡೆಯಲು ಕಷ್ಟವಿರುವ ಮಗು ಇದ್ದರೆ ಆ ತರಗತಿಯನ್ನು ನೆಲಮಹಡಿಯಲ್ಲಿ ನಡೆಸೋಣ.

ವಿದ್ಯಾರ್ಥಿಗಳೇ, ಗೆಳೆಯನನ್ನು ಅವನ ಹೆಸರಿನಿಂದ ಕರೆಯಿರಿ, ಅವನ ಕಾಲಿನಿಂದಲೋ ಕಣ್ಣಿನಿಂದಲೋ ಅಲ್ಲ. ಸಹಾಯ ಬೇಕೇ ಎಂದು ಮೊದಲು ಕೇಳಿರಿ, ಕೇಳದೆ ಎಳೆಯಬೇಡಿ.

ಸಂಸ್ಥೆಯ ಹಾಗೂ ಮಸ್ಜಿದ್ ಕಮಿಟಿಗಳ ಹಿರಿಯರಲ್ಲಿ ಒಂದು ಕೋರಿಕೆ. ಮಸ್ಜಿದ್, ಮದರಸಾ, ಶಾದಿಮಹಲ್ ಎಲ್ಲದಕ್ಕೂ ನಾವು ಮೆಟ್ಟಿಲು ಕಟ್ಟುತ್ತೇವೆ. ಪಕ್ಕದಲ್ಲಿ ಒಂದು ಇಳಿಜಾರು ದಾರಿ ಕಟ್ಟಿಸೋಣ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು, ಅದಕ್ಕಿಂತ ಕಡಿಮೆಯಾದರೆ ಗಾಲಿಕುರ್ಚಿ ಹತ್ತುವುದು ಕಷ್ಟ, ಇಳಿಯುವುದು ಅಪಾಯ. ಹಿಡಿಯಲು ಎರಡೂ ಕಡೆ ಕಂಬಿ ಇರಲಿ. ವುಝೂ ಮಾಡುವ ಜಾಗದಲ್ಲಿ ಕುರ್ಚಿಯಲ್ಲಿ ಕುಳಿತವರ ಕೈಗೆ ಎಟುಕುವಂತೆ ಒಂದು ನಳ ಹಾಕಿಸೋಣ. ಇದು ನಮ್ಮ ವೃದ್ಧರಿಗೂ ಬೇಕಾದದ್ದೇ.

ಈ ವರ್ಷದ ಪ್ರತಿಭಾ ಪುರಸ್ಕಾರ ಸಮಾರಂಭ ಹತ್ತಿರ ಬರುತ್ತಿದೆ. ಅಂದು ವೇದಿಕೆಗೆ ಇಳಿಜಾರು ದಾರಿ ಇರಲಿ. ಅದು ಆಗದಿದ್ದರೆ ಅತಿಥಿಗಳೂ ನಾವೂ ಎಲ್ಲರೂ ಕೆಳಗೇ ಕುಳಿತುಕೊಳ್ಳೋಣ, ಪ್ರಶಸ್ತಿಯನ್ನು ಎಲ್ಲ ಮಕ್ಕಳಿಗೂ ಒಂದೇ ನೆಲದ ಮೇಲೆ ನಿಂತು ಕೊಡೋಣ. ಕಳೆದ ವರ್ಷದ ಆ ಹುಡುಗ ಈಗ ಪಿ.ಯು.ಸಿ. ಓದುತ್ತಿದ್ದಾನೆ. ಅವನನ್ನೂ ಕರೆಯೋಣ. ಫೋಟೋ ತೆಗೆಯುವಾಗ ಅವನು ನಡುವೆ ನಿಲ್ಲಲಿ.

ಅಲ್ಲಾಹನು ನಮ್ಮ ಮಕ್ಕಳೆಲ್ಲರಿಗೂ ಇಲ್ಮಿನ ಬಾಗಿಲು ತೆರೆಯಲಿ, ಆ ಬಾಗಿಲಿನವರೆಗೆ ದಾರಿ ಮಾಡುವ ತೌಫೀಕ್ ನಮಗೆ ಕೊಡಲಿ. ಆಮೀನ್.